ಸಹಿ ಹಾಕದ ಹುಲ್ಲಪ್ಪ ಕಂಬಳಿ

ಇಳಕಲ್ಲಿನಲ್ಲಿ ಕಾರ್ಪೆಟ್ ತೊಳೆಯುವ ಅಂಗಡಿ ತೆರೆಯುವವನಿಗೆ ಎಂಟೆದೆ ಇರಬೇಕು, ಇಲ್ಲವೇ ಅವನು ಆ ಊರಿನ ನೆಲವನ್ನು ಒಮ್ಮೆಯೂ ಬಗ್ಗಿ ನೋಡಿರಬಾರದು. ಇಲ್ಲಿ ನೆಲವೆಂದರೆ ಗ್ರಾನೈಟು. ಸಾಹುಕಾರರ ಹಾಲಿಗೆ ಗ್ರಾನೈಟು, ಚಹಾದಂಗಡಿಯ ಕಟ್ಟೆಗೆ ಗ್ರಾನೈಟು, ಎಮ್ಮೆ ಕಟ್ಟುವ ಕೊಟ್ಟಿಗೆಗೂ ಕಾರ್ಖಾನೆಯವರು ಬಿಸಾಕಿದ ಗ್ರಾನೈಟಿನ ತುಂಡು. ಕಲ್ಲಿಗೆ ಹೊಳಪು ಕೊಟ್ಟು ಅದರಲ್ಲೇ ಮುಖ ನೋಡಿಕೊಂಡು ಮೀಸೆ ತಿರುವುವ ಜನ, ಆ ಕಲ್ಲನ್ನು ಬಟ್ಟೆಯಿಂದ ಮುಚ್ಚಿ ಹಾಕುವ ಹುಚ್ಚಿಗೆ ಯಾಕೆ ಬಿದ್ದಾರು? ಇಂಥ ಊರಿನ ಹುನಗುಂದ ರಸ್ತೆಯಲ್ಲಿ, ಪಂಕ್ಚರ್ ಅಂಗಡಿಗೂ ಬಾಗಿಲು ಮುಚ್ಚಿದ ಝೆರಾಕ್ಸ್ ಅಂಗಡಿಗೂ ನಡುವೆ ಸಿಕ್ಕಿಕೊಂಡಿದ್ದ ಒಂದು ಶಟರಿನ ಮೇಲೆ ಹುಲ್ಲಪ್ಪ ಕಂಬಳಿ ಎಂಬ ವೀರಪುರುಷ ತನ್ನ ಬೋರ್ಡು ಏರಿಸಿದ: ಬೀರಲಿಂಗೇಶ್ವರ ಕಾರ್ಪೆಟ್ ಕ್ಲೀನಿಂಗ್. ಸೋಫಾ, ಗಾದಿ, ಜಮಖಾನಿ ಸಹ ತೊಳೆಯಲಾಗುವುದು. ಕೆಲವು ತಿಂಗಳ ಮೇಲೆ ಅದರ ಕೆಳಗೆ ಇನ್ನೆರಡು ಪದ ಸೇರಿದವು: ಇನ್ಶೂರೆನ್ಸ್ ಸಹಿತ.

ಆ ಕೊನೆಯ ಎರಡು ಪದಗಳು ಬೋರ್ಡಿನ ಮೇಲಿನ ಏಕೈಕ ಸುಳ್ಳು. ಈ ಕಥೆಯೆಲ್ಲ ಅದರದೇ.

ಕಂಬಳಿ ಎಂಬುದು ಮನೆತನದ ಅಡ್ಡಹೆಸರು. ಅಜ್ಜ ಮುತ್ತಜ್ಜಂದಿರು ಕುರಿ ಕಾಯ್ದು, ಉಣ್ಣೆ ಕತ್ತರಿಸಿ, ಕಂಬಳಿ ನೇಯ್ದು, ಮನೆದೇವರು ಬೀರಪ್ಪನಿಗೆ ನಡೆದುಕೊಂಡವರು. ಹುಲ್ಲಪ್ಪನ ಪಾಲಿಗೆ ಕುರಿಗಳು ಬರಲಿಲ್ಲ. ಹೆಸರು ಮತ್ತು ಬೀರಪ್ಪ ಮಾತ್ರ ಬಂದರು. ಮೀಸೆ ಮೂಡುವ ವಯಸ್ಸಿಗೆ ಅವನು ಬಾದಾಮಿಯ ಒಂದು ಲಾಡ್ಜಿಗೆ ಸೇರಿದ. ಗುಹೆ ನೋಡಲು ಬಂದ ಪ್ರವಾಸಿಗಳು ಕೆಂಪು ಕಲ್ಲಿನ ಧೂಳನ್ನು ಬೂಟಿಗೆ ಅಂಟಿಸಿಕೊಂಡು ಬಂದು ರೂಮಿನ ಕಾರ್ಪೆಟ್ಟಿನ ಮೇಲೆ ಕೊಡವಿ ಹೋಗುವರು. ಚಾಲುಕ್ಯರು ಕೆತ್ತಿಸಿದ್ದನ್ನು ಹೀಗೆ ಚಿಟಿಕೆ ಚಿಟಿಕೆಯಾಗಿ ಹೊತ್ತು ತರುತ್ತಿದ್ದ ಆ ದಂಡಿನ ವಿರುದ್ಧ ಹುಲ್ಲಪ್ಪ ಒಬ್ಬನೇ ಹೋರಾಡಿದ. ಸೀಜನ್ ಮುಗಿದ ಮೇಲೆ ಮದುವೆಯಾಗುತ್ತೇನೆ ಎಂದು ಅವ್ವನಿಗೆ ಹೇಳುತ್ತಿದ್ದ. ಒಂದು ಸೀಜನ್ನಿನ ಬಾಲ ಹಿಡಿದುಕೊಂಡು ಇನ್ನೊಂದು ಬಂತು. ಕೊನೆಗೆ ಅವ್ವ ಹೋದಳು, ತಂಗಿ ಲಲಿತಾ ಕಮತಗಿಗೆ ಸೊಸೆಯಾಗಿ ಹೋದಳು. ಹುಲ್ಲಪ್ಪ ಕನ್ನಡಿ ನೋಡಿಕೊಂಡ ದಿನ ತಲೆಗೂದಲು ನೆರೆತಿತ್ತು, ಲಾಡ್ಜ್ ಮಾತ್ರ ಭರ್ತಿಯಾಗಿತ್ತು.

ಆಮೇಲೆ ಮಾಲೀಕರು ಕಾರ್ಪೆಟ್ ಕಿತ್ತು ಟೈಲ್ಸ್ ಹಾಕಿಸಿದರು. ಕಾರ್ಪೆಟ್ ತೊಳೆಯುವ ಯಂತ್ರಕ್ಕೂ ಅದನ್ನು ನಡೆಸುವವನಿಗೂ ಒಂದೇ ದಿನ ನಿವೃತ್ತಿ. ಮಾಲೀಕರು ಒಂದು ಶಾಲು ಹೊದಿಸಿ, "ಈ ಮಶೀನ್ ನೀನ ಒಯ್ಯಿ ಹುಲ್ಲಪ್ಪ, ನಮಗಿನ್ನ ಯಾಕ" ಎಂದರು. ಹೀಗೆ ಅವನು ಯಂತ್ರವನ್ನು ಟೆಂಪೋದಲ್ಲಿ ಹೇರಿಕೊಂಡು, ಅದರ ಪಕ್ಕದಲ್ಲೇ ಕುಳಿತು, ಅದು ಬೀಳದಂತೆ ಹೆಗಲ ಮೇಲೆ ಕೈ ಹಾಕಿ ಹಿಡಿದುಕೊಂಡು ತನ್ನ ಹುಟ್ಟೂರು ಇಳಕಲ್ಲಿಗೆ ಮರಳಿದ. ದಾರಿಯಲ್ಲಿ ನೋಡಿದವರು ಯಾರೋ ಕುಡಿದ ಸಂಬಂಧಿಕನನ್ನು ಊರಿಗೆ ಮುಟ್ಟಿಸುತ್ತಿದ್ದಾನೆ ಎಂದುಕೊಂಡರು.

ಯಂತ್ರಕ್ಕೆ ಹೊಟ್ಟೆ ಎರಡು. ಒಂದರಲ್ಲಿ ಸೋಪಿನ ನೀರು ತುಂಬಬೇಕು. ಅದು ಕೆಳಗೆ ಚಿಮ್ಮುತ್ತದೆ, ಬ್ರಶ್ ತಿರುಗುತ್ತದೆ, ಕೊಳೆ ನೀರನ್ನು ಇನ್ನೊಂದು ಹೊಟ್ಟೆ ಹೀರಿಕೊಳ್ಳುತ್ತದೆ. ಹುಲ್ಲಪ್ಪ ಅದನ್ನು ‘ಸಾಹೇಬ್ರು’ ಎಂದು ಕರೆಯುತ್ತಿದ್ದ. ಶಟರಿನ ಹಿಂದಿನ ಒಂದೇ ಕೋಣೆಯಲ್ಲಿ ಇಬ್ಬರ ವಾಸ. ಬೆಳಿಗ್ಗೆ ಎದ್ದು, "ಸಾಹೇಬ್ರ, ಇವತ್ತ ಏನರ ಕೆಲಸ ಬರ್ತೈತೇನ್ರಿ?" ಎಂದು ಕೇಳುವನು. ಸಾಹೇಬರು ಪ್ಲಗ್ ಹಾಕದೆ ಉತ್ತರ ಕೊಡುವವರಲ್ಲ.

ಕೆಲಸ ಬರಲೇ ಇಲ್ಲ ಎನ್ನುವಂತಿಲ್ಲ. ಬಾಗಲಕೋಟೆಯ ನವನಗರದಲ್ಲಿ ಒಬ್ಬ ಡಾಕ್ಟರ ಸೋಫಾ, ಹುನಗುಂದದ ಕಲ್ಯಾಣಮಂಟಪದಲ್ಲಿ ವಧೂವರರು ನಡೆದು ಬರುವ ಕೆಂಪು ಹಾಸು, ಕ್ವಾರಿ ಮಾಲೀಕರೊಬ್ಬರ ಕ್ಯಾಬಿನ್ನಿನ ಜಮಖಾನಿ. ಪ್ರತಿ ಕೆಲಸವೂ ಹುಲ್ಲಪ್ಪನಿಗೆ ಒಂದು ದಂಡಯಾತ್ರೆ. ಆದರೆ ದಂಡಯಾತ್ರೆಗಳ ನಡುವಿನ ಬಿಡುವು ಬಹಳ ಉದ್ದ. ಆ ದಿನಗಳಲ್ಲಿ ಅವನು ಶಟರಿನ ಮುಂದೆ ಕುರ್ಚಿ ಹಾಕಿಕೊಂಡು ಬಸ್ಸುಗಳನ್ನು ನೋಡುತ್ತಿದ್ದ. ಪಂಕ್ಚರ್ ಅಂಗಡಿಗೆ ಗಿರಾಕಿ ಬಂದರೆ ತಾನೇ ಎದ್ದು ನಿಂತು, "ಯಾವ ಗಾಲಿ?" ಎಂದು ಕೇಳಿಬಿಡುವನು. ಒಂದು ಮಧ್ಯಾಹ್ನ ಮೊಬೈಲಿಗೆ ಯಾವುದೋ ಬ್ಯಾಂಕಿನ ಹುಡುಗಿ ಫೋನು ಮಾಡಿ ಸಾಲ ಬೇಕೇ ಎಂದಳು. ಹುಲ್ಲಪ್ಪ ಅವಳಿಗೆ ಊಟವಾಯಿತೇ ಎಂದು ಕೇಳಿದ, ನಿಮ್ಮ ಊರಲ್ಲಿ ಮಳೆ ಹೇಗೆ ಎಂದು ಕೇಳಿದ. ಫೋನಿಟ್ಟವಳು ಅವಳೇ.

ಈ ಬಿಡುವಿನ ನಡುವೆ ಒಂದು ಸಂಜೆ ಅಶ್ಫಾಕ ಬಂದ.

ಅಶ್ಫಾಕ ಇನ್ಶೂರೆನ್ಸ್ ಏಜೆಂಟ. ಹುಲ್ಲಪ್ಪನಿಗಿಂತ ಐದಾರು ವರ್ಷ ಚಿಕ್ಕವನು, ಸ್ಕೂಟಿಯ ಮುಂದೆ ಒಂದು ಚರ್ಮದ ಬ್ಯಾಗು, ಮುಖದಲ್ಲಿ ಸದಾ ಯಾರದೋ ಕಷ್ಟವನ್ನು ಈಗಷ್ಟೇ ಕೇಳಿ ಬಂದವನ ಕಳೆ. ಕೂತವನೇ ಆಕ್ರಮಣ ಶುರುಮಾಡಿದ.

"ಹುಲ್ಲಪ್ಪಣ್ಣ, ನಾಳಿ ನೀ ಒಬ್ಬರ ಮನಿಗಿ ಹೋಗ್ತಿ. ನಿನ್ನ ವಾಯರ್ ಶಾರ್ಟ್ ಆತು. ಮನಿಗಿ ಬೆಂಕಿ ಹತ್ತಿತು. ಏನ್ ಮಾಡ್ತಿ?"

"ನೀರ ಹಾಕ್ತೇನಿ."

"ಕರೆಂಟಿನ ಬೆಂಕಿಗಿ ನೀರ ಹಾಕಿದ್ರ ನೀನ ಹೋಗ್ತಿ. ಇರ್ಲಿ. ನೆಲ ಹಸಿ ಇತ್ತು, ಮನಿ ಅಜ್ಜಿ ಜಾರಿ ಬಿದ್ಲು. ಸೊಂಟ ಮುರೀತು. ದವಾಖಾನಿ. ಯಾರ ಕೊಡಾವ್ರು?"

"ಯಾವ ಅಜ್ಜಿ?" ಹುಲ್ಲಪ್ಪನಿಗೆ ಆ ಅಜ್ಜಿಯ ಬಗ್ಗೆ ಆಗಲೇ ಮರುಕ ಹುಟ್ಟಿತ್ತು.

"ಇದ್ದಾಳಂತ ತಿಳಕೋ. ಮತ್ತ ನಿನ್ನ ಸೋಪಿನಿಂದ ಅವ್ರ ಕಾರ್ಪೆಟ್ ಬಣ್ಣ ಹೋತು. ಮತ್ತ ಯಾರೋ ಶಟರ್ ಮುರದು ನಿನ್ನ ಮಶೀನ್ ಒಯ್ದರು."

"ಸಾಹೇಬ್ರನ್ನ?"

ಹುಲ್ಲಪ್ಪ ಹಿಂದಿರುಗಿ ನೋಡಿದ. ಸಾಹೇಬರು ಮೂಲೆಯಲ್ಲಿ ಸುರಕ್ಷಿತವಾಗಿದ್ದರು. ಅವನು ಎದ್ದು ಹೋಗಿ ಚಹಾಕ್ಕೆ ನೀರಿಟ್ಟ. ಮನೆಯಲ್ಲಿದ್ದದ್ದು ಒಂದೇ ಕಪ್ಪು. ಅದರಲ್ಲಿ ಅತಿಥಿಗೆ ಕೊಟ್ಟು, ತಾನು ಸ್ಟೀಲಿನ ಚೊಂಬಿನಲ್ಲಿ ಕುಡಿದ. ಅಶ್ಫಾಕ ಹೋಗುವಾಗ, "ವಿಚಾರ ಮಾಡು. ನಾಳಿ ಬರ್ತೇನಿ. ಬೋರ್ಡಿನ ಮ್ಯಾಲ ಇನ್ಶೂರೆನ್ಸ್ ಸಹಿತ ಅಂತ ಬರಸು, ಮಂದಿ ನಂಬ್ತಾರ" ಎಂದ.

ಬೋರ್ಡಿಗೆ ಅಕ್ಷರ ಸೇರಿದವು. ಎರಡನೆಯ ಕಪ್ಪೂ ಬಂತು, ಹೂವಿನ ಚಿತ್ರವಿದ್ದದ್ದು. ಪಾಲಿಸಿ ಮಾತ್ರ ಬರಲಿಲ್ಲ.

ಯಾಕೆಂದರೆ ಮರುದಿನ ಅಶ್ಫಾಕ ಬಂದು ಪ್ರವಾಹದ ವಿಷಯ ಹೇಳಿದ, ಅದರ ಮರುದಿನ ಭೂಕಂಪದ ವಿಷಯ. ಹುಲ್ಲಪ್ಪ ಗಲ್ಲಕ್ಕೆ ಕೈಕೊಟ್ಟು ಕೇಳುತ್ತ ಕುಳಿತ. ಅವ್ವ ಸತ್ತ ಮೇಲೆ ಅವನಿಗೇನಾದೀತು ಎಂದು ಯಾರೂ ಇಷ್ಟು ವಿವರವಾಗಿ ಚಿಂತಿಸಿರಲಿಲ್ಲ. ಅವ್ವನಾದರೂ ಹಾವು, ಬಾವಿ, ಕೆಟ್ಟ ದೃಷ್ಟಿ ಇಷ್ಟಕ್ಕೇ ನಿಲ್ಲಿಸುತ್ತಿದ್ದಳು. ಈ ಮನುಷ್ಯ ಅವನಿಗಾಗಿ ಸಿಡಿಲು, ಗಲಭೆ, ಲಾರಿ, ಇಲಿ ಎಲ್ಲವನ್ನೂ ಕಲ್ಪಿಸಿಕೊಳ್ಳುತ್ತಿದ್ದ. ಅಶ್ಫಾಕ ಒಬ್ಬೊಬ್ಬ ಗಿರಾಕಿಯ ಮುಂದೆ ಎಷ್ಟು ದಿನ ಸ್ಕೂಟಿ ನಿಲ್ಲಿಸುತ್ತಾನೆಂದು ಹುಲ್ಲಪ್ಪ ನೋಡಿದ್ದ. ಪಂಕ್ಚರ್ ಅಂಗಡಿಯವನು ಸಹಿ ಹಾಕಿದ. ಅಂದಿನಿಂದ ಅಶ್ಫಾಕ ಅತ್ತ ಕಡೆ ತಲೆ ಅಲ್ಲಾಡಿಸುವುದೇ ಹೆಚ್ಚು. ಲೆಕ್ಕ ಸ್ಪಷ್ಟವಿತ್ತು. ಸಹಿ ಎಂದರೆ ಸಂಜೆಯ ಅಂತ್ಯ.

ಹೀಗೆ ಭೀಷ್ಮ ಪ್ರತಿಜ್ಞೆಗೆ ಸಮನಾದ ಒಂದು ಪ್ರತಿಜ್ಞೆ ಹುನಗುಂದ ರಸ್ತೆಯಲ್ಲಿ ಸದ್ದಿಲ್ಲದೆ ನಡೆಯಿತು. ಇವತ್ತು ಹುಣ್ಣಿಮೆ, ಇವತ್ತು ರಾಹುಕಾಲ, ಕನ್ನಡಕ ಒಡೆದಿದೆ, ತಂಗಿಯನ್ನು ಕೇಳಬೇಕು. ಒಂದು ಸಲವಂತೂ ಬಲಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಕುಳಿತಿದ್ದ.

"ಎಡಗೈಲೆ ಹಾಕು," ಎಂದ ಅಶ್ಫಾಕ.

"ಎಡಗೈಲೆ ಹಾಕಿದ ಸಹಿಗಿ ಬರಕತ್ತ ಇರಂಗಿಲ್ಲೋ. ಕುಂಡ್ರು, ಮಿರ್ಚಿ ತರಿಸೇನಿ. ನಿನ್ನಿ ಸಿಡಿಲಿನ ತನಕ ಬಂದಿದ್ದಿ. ಮುಂದ ಏನಾಕ್ಕೈತಿ ಹೇಳು."

"ಹುಲ್ಲಪ್ಪಣ್ಣ, ನಾ ಹೇಳಾಕತ್ತಿದ್ದು ಪುರಾಣ ಅಲ್ಲ."

"ಹೇಳು ಹೇಳು."

ಅಶ್ಫಾಕ ಮಿರ್ಚಿ ತಿಂದು ಹೇಳಿದ. ಬೇಸಿಗೆ ಹೀಗೆಯೇ ಏರಿತು.

ಆಗ ಮಹೇಶ್ವರಿಯವರ ಕರೆ ಬಂತು. ಪೇಟೆಯ ನಡುವೆ ಅವರದು ಸೀರೆಯ ಅಂಗಡಿ. ತಂದೆ ನೂಲಿಗೆ ಬಣ್ಣ ಹಾಕುತ್ತಿದ್ದವರು, ಗಂಡ ಸೀರೆ ಮಾರುತ್ತಿದ್ದವರು. ಇಬ್ಬರೂ ಹೋದ ಮೇಲೆ ಮಹೇಶ್ವರಿ ಗಲ್ಲಾದ ಮೇಲೆ ಕುಳಿತು ಅಂಗಡಿಯನ್ನು ಎರಡಂತಸ್ತಿಗೆ ಏರಿಸಿದ್ದರು. ಮೇಲಿನ ಅಂತಸ್ತಿನಲ್ಲಿ ಮದುವೆಯ ಸೀರೆಗಳು. ಅಲ್ಲಿ ಗ್ರಾನೈಟಿನ ಮೇಲೆ ಹಾಲಿನ ಕೆನೆಯ ಬಣ್ಣದ ಒಂದು ಭಾರಿ ಕಾರ್ಪೆಟ್ ಹಾಸಿದ್ದರು. ಕೆಂಪು ಸೆರಗಿನ ಸೀರೆಯನ್ನು ಅದರ ಮೇಲೆ ಬಿಚ್ಚಿ ಎಸೆದರೆ ವಧುವಿನ ಕಡೆಯವರು ಬೆಲೆ ಕೇಳುವುದನ್ನು ಮರೆಯುತ್ತಾರೆ ಎಂಬುದು ಅವರ ವ್ಯಾಪಾರದ ಗುಟ್ಟು. ಮದುವೆಯ ಸುಗ್ಗಿಗೆ ಮೊದಲು ಅದನ್ನು ತೊಳೆಯಬೇಕಿತ್ತು.

"ಬೋರ್ಡಿನ ಮ್ಯಾಲ ಬರದದ್ದು ಖರೆ ಏನು? ಇನ್ಶೂರೆನ್ಸ್ ಐತಿ?" ಎಂದು ಕೇಳಿದರು.

"ಬರದೈತಲ್ರಿ ಅಕ್ಕಾರ," ಎಂದ ಹುಲ್ಲಪ್ಪ. ಅದೂ ಸುಳ್ಳಲ್ಲ, ಬರೆದಂತೂ ಇತ್ತು.

ಇಳಕಲ್ಲಿನಲ್ಲಿ ಅದಕ್ಕಿಂತ ದೊಡ್ಡ ಕಾರ್ಪೆಟ್ ಇರಲಿಲ್ಲ. ಕೆಲಸದ ಹಿಂದಿನ ದಿನ ಹುಲ್ಲಪ್ಪ ವಾಯರನ್ನು ಎರಡೆರಡು ಸಲ ಸವರಿ ನೋಡಿದ. ಬೇಸಿಗೆಯುದ್ದಕ್ಕೂ ಅಶ್ಫಾಕ ಬಿತ್ತಿದ ಸಿಡಿಲು, ಬೆಂಕಿ, ಅಜ್ಜಿ ಎಲ್ಲ ಒಟ್ಟಿಗೆ ಮೊಳೆತವು. ರಕ್ಷಣೆಯಂತೂ ಬೇಕು. ಆದರೆ ಸಹಿ ಹಾಕಿದರೆ ಆ ಸಂಜೆಯೇ ಕೊನೆಯ ಸಂಜೆ. ಯೋಚಿಸಿ ಯೋಚಿಸಿ ಅವನು ಸಹಿ ಕೇಳದ ಕಂಪನಿಗೆ ಹೋದ: ಬೀರಪ್ಪನಿಗೆ.

ಅಂದು ಅಮಾವಾಸ್ಯೆ. ಊರಿನ ಲಾರಿ, ಟ್ರ್ಯಾಕ್ಟರು, ಕಲ್ಲು ಕೊಯ್ಯುವ ಯಂತ್ರಗಳಿಗೆಲ್ಲ ಪೂಜೆ. ಹುಲ್ಲಪ್ಪನೂ ಸಾಹೇಬರನ್ನು ತೊಳೆದು, ನಿಂಬೆಹಣ್ಣು ಕಟ್ಟಿ, ಕಾಯಿ ಒಡೆದ. ಬೀರಪ್ಪನ ಒಕ್ಕಲು ಯಾವ ಕೆಲಸಕ್ಕೆ ಕೈಹಾಕುವಾಗಲೂ ಭಂಡಾರ, ಅಂದರೆ ದೇವರ ಅರಿಶಿನದ ಪುಡಿ, ಎರಚದೆ ಬಿಡುವುದಿಲ್ಲ. ಹುಲ್ಲಪ್ಪ ಸಾಹೇಬರ ನೆತ್ತಿಗೆ ಎರಚಿದ, ಬ್ರಶ್ಶಿಗೆ ಎರಚಿದ, ವಾಯರಿನ ಉದ್ದಕ್ಕೂ ಎರಚಿದ. ಆಮೇಲೆ, ಅಪಾಯವಿರುವುದು ಒಳಗಲ್ಲವೇ ಎಂದು ಹೊಳೆದು, ಸೋಪಿನ ನೀರು ತುಂಬುವ ಹೊಟ್ಟೆಯ ಮುಚ್ಚಳ ತೆರೆದು ಅಲ್ಲಿಗೂ ಒಂದು ಹಿಡಿ ಸುರಿದು, "ನೀನ ಕಾಯಪ್ಪ" ಎಂದು ಮುಚ್ಚಿದ. ಪ್ರೀಮಿಯಂ ಕಟ್ಟಿದ ತೃಪ್ತಿಯಲ್ಲಿ ನಿದ್ದೆ ಚೆನ್ನಾಗಿ ಬಂತು.

ಅರಿಶಿನಕ್ಕೆ ಒಂದು ಚಟವಿದೆ. ಸುಣ್ಣ ಬಿದ್ದರೆ ಕೆಂಪಾಗುತ್ತದೆ. ಆರತಿಯ ತಟ್ಟೆಯ ನೀರು ಕೆಂಪಾಗುವುದು ಹಾಗೆಯೇ. ಕ್ಷಾರ ಹೆಚ್ಚಿರುವ ಸೋಪು ಸಿಕ್ಕರೂ ಅದೇ ಬುದ್ಧಿ ತೋರಿಸುತ್ತದೆ. ಮರುದಿನ ಬೆಳಿಗ್ಗೆ ಹುಲ್ಲಪ್ಪ ಮೇಲಿನ ಅಂತಸ್ತಿನಲ್ಲಿ, ಅರಿಶಿನ ತುಂಬಿದ ಹೊಟ್ಟೆಗೆ ಸೋಪನ್ನೂ ನೀರನ್ನೂ ಹೊಯ್ದು, ಪ್ಯಾಂಟು ಮಡಚಿ, ಕೆನೆಬಣ್ಣದ ರಣರಂಗದ ಮೇಲೆ ಸಾಹೇಬರನ್ನು ನುಗ್ಗಿಸಿದ. ಸಾಹೇಬರು ಗರ್ಜಿಸಿದರು. ಹುಲ್ಲಪ್ಪ ಹಿಂದಿನ ಲಾಡ್ಜಿನ ಅಭ್ಯಾಸದಂತೆ ಗೋಡೆ ನೋಡುತ್ತ, ಮನಸ್ಸಿನಲ್ಲೇ ಸಂಜೆ ಅಶ್ಫಾಕನಿಗೆ ಈ ವಿಜಯವನ್ನು ಹೇಗೆ ಬಣ್ಣಿಸಬೇಕೆಂದು ಜೋಡಿಸಿಕೊಳ್ಳುತ್ತ, ಆ ಗೋಡೆಯಿಂದ ಈ ಗೋಡೆಯವರೆಗೆ ನಡೆದ. ತಿರುಗಿ ನೋಡಿದಾಗ ಹಿಂದೆ ರಕ್ತದ ಹೊಳೆ ಹರಿದಿತ್ತು.

ಮೊದಲು ಅವನು ತನ್ನ ಕಾಲು ನೋಡಿಕೊಂಡ. ಬೆರಳುಗಳೆಲ್ಲ ಇದ್ದವು. ಆಮೇಲೆ ಯಂತ್ರದ ಮುಚ್ಚಳ ತೆರೆದ. ಒಳಗೆ ಮದುಮಕ್ಕಳಿಗೆ ಬೆಳಗಲು ಸಿದ್ಧವಾದ ಆರತಿಯ ನೀರು ತುಳುಕುತ್ತಿತ್ತು.

ಮಹೇಶ್ವರಿ ಮೆಟ್ಟಿಲೇರಿ ಬಂದರು. ಬಾಗಿಲಲ್ಲೇ ನಿಂತರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಕೂಗಾಡಲಿಲ್ಲ; ಕೂಗಾಡಿದ್ದರೆ ಒಳ್ಳೆಯದಿತ್ತು.

"ಏನ್ ಹಾಕೀದಿ?"

"ಭಂಡಾರ್ರಿ."

"ಮಶೀನದಾಗ?"

"ಕಾಯ್ಲಿ ಅಂತ್ರಿ."

ಅವರು ಸ್ವಲ್ಪ ಹೊತ್ತು ಕಾರ್ಪೆಟ್ಟನ್ನೂ ಅವನನ್ನೂ ಅಳೆದು ನೋಡಿದರು. "ಇರ್ಲಿ. ಇನ್ಶೂರೆನ್ಸ್ ಐತೆಲ್ಲ. ಕರಿ ನಿಮ್ಮ ಮನಷ್ಯಾನ್ನ."

ಹುಲ್ಲಪ್ಪ ಫೋನು ಮಾಡಿದ. ಅಶ್ಫಾಕ ಸ್ಕೂಟಿಯನ್ನು ಹಾರಿಸಿಕೊಂಡು ಬಂದ. ಇಷ್ಟು ದಿನ ಬಾಯಿಮಾತಿನಲ್ಲಿ ವರ್ಣಿಸಿದ ವಿಪತ್ತುಗಳಲ್ಲಿ ಒಂದಾದರೂ ನಿಜವಾಗಿ ನಡೆದದ್ದನ್ನು ಕಂಡು ಅವನ ಮುಖದಲ್ಲಿ ಕ್ಷಣಕಾಲ ಹೆಮ್ಮೆಯಂಥದ್ದೇನೋ ಮೂಡಿ ಮಾಯವಾಯಿತು.

"ಎಷ್ಟ ಕೊಡಸ್ತೀಯಪ ನಿಮ್ಮ ಕಂಪನಿಯಿಂದ?" ಎಂದು ಮಹೇಶ್ವರಿ ಕೇಳಿದರು.

ಅಶ್ಫಾಕ ಹುಲ್ಲಪ್ಪನ ಕಡೆ ನೋಡಿದ. ಹುಲ್ಲಪ್ಪ ಸಾಹೇಬರ ಕಡೆ ನೋಡಿದ. ಸಾಹೇಬರ ಪ್ಲಗ್ ತೆಗೆದಿತ್ತು.

"ಅಕ್ಕಾರ, ಪಾಲಿಸಿ ಆಗಿಲ್ರಿ," ಎಂದ ಅಶ್ಫಾಕ. "ಬ್ಯಾಸಿಗಿ ತುಂಬ ಬಂದೇನಿ. ದಿನಾ ಬಂದೇನಿ. ನಾಳಿ ನಾಳಿ ಅಂತಾನ. ಒಬ್ಬ ಮನಷ್ಯಾಗ ಇಷ್ಟ ಸರತಿ ಬೆಂಕಿ ಹಚ್ಚಿಲ್ರಿ ನಾ."

"ಯಾಕ?" ಮಹೇಶ್ವರಿ ಹುಲ್ಲಪ್ಪನನ್ನು ಕೇಳಿದರು. "ರೊಕ್ಕ ಇದ್ದಿಲ್ಲೇನು?"

"ಇತ್ರಿ. ತಗದ ಇಟ್ಟಿದ್ದೆ."

"ಮತ್ತ?"

ಹುಣ್ಣಿಮೆ, ರಾಹುಕಾಲ, ಕನ್ನಡಕ, ಹೆಬ್ಬೆರಳು. ತನ್ನ ಬತ್ತಳಿಕೆಯ ಬಾಣಗಳನ್ನೆಲ್ಲ ಹುಲ್ಲಪ್ಪ ತಡಕಾಡಿದ. ಮಹೇಶ್ವರಿಯವರ ಎದುರು ಒಂದೂ ಹಾರುವಂತಿರಲಿಲ್ಲ. ಅವನು ಹಸಿ ಕಾರ್ಪೆಟ್ಟಿನ ಅಂಚನ್ನು ಕಾಲ ಬೆರಳಿನಿಂದ ಒತ್ತುತ್ತ ಹೇಳಿದ:

"ಸಹಿ ಮಾಡಿದ್ರ ಇಂವಾ ಬರೂದ ಬಿಡ್ತಾನ್ರಿ."

ಕೆಳಗೆ ಯಾರೋ ಸೀರೆಯ ಬೆಲೆ ಚೌಕಾಸಿ ಮಾಡುತ್ತಿದ್ದ ಸದ್ದು ಮೆಟ್ಟಿಲಿನಿಂದ ಏರಿ ಬಂತು. ಅಶ್ಫಾಕ ಬಾಯಿ ತೆರೆದ, ಹಾಗೇನಿಲ್ಲ ಎನ್ನಲು ಹೊರಟವನಂತೆ. ದಿನಕ್ಕೆ ಹತ್ತು ಮನೆಗಳಲ್ಲಿ ಮಾತನ್ನೇ ಮಾರುವ ಮನುಷ್ಯ ಅವನು. ಆದರೆ ಆ ಹೊತ್ತು ಏಕೋ ಮಾರಲಾಗಲಿಲ್ಲ.

"ಖರೆ ಐತಿ," ಎಂದ. "ಬರ್ತಿದ್ದಿಲ್ಲ." ಸ್ವಲ್ಪ ತಡೆದು, "ರಿನ್ಯೂವಲ್‌ಗೆ ಬರ್ತಿದ್ದೆ," ಎಂದು ಸೇರಿಸಿದ. "ವರ್ಷಕ್ಕೊಮ್ಮೆ."

ಆಮೇಲೆ ಬ್ಯಾಗಿನಿಂದ ಕಾಗದ ತೆಗೆದು ಕಿಟಕಿಯ ಗ್ರಾನೈಟ್ ಕಟ್ಟೆಯ ಮೇಲಿಟ್ಟು ಪೆನ್ನು ಚಾಚಿದ. "ಈ ಕಾರ್ಪೆಟ್ ನಿನ್ನ ತಲಿ ಮ್ಯಾಲ. ಇದಕ್ಕ ಯಾವ ಕಂಪನಿ ಏನೂ ಮಾಡಾಕ ಬರಂಗಿಲ್ಲ. ಇನ್ನ ಮುಂದಿನದರ ಕಂಪನಿ ತಲಿ ಮ್ಯಾಲ ಇರ್ಲಿ. ಹಾಕು."

ಹುಲ್ಲಪ್ಪ ಹಾಕಿದ. ಯಾವ ಕೈ ಎಂದು ಯಾರೂ ಕೇಳಲಿಲ್ಲ. ಅಶ್ಫಾಕ ಕಾಗದ ಮಡಚಿ ಒಳಗಿಟ್ಟುಕೊಂಡು, ಮಹೇಶ್ವರಿಯವರಿಗೆ ಕೈ ಮುಗಿದು, ಹುಲ್ಲಪ್ಪನ ಬೆನ್ನಿನ ಮೇಲೆ ಒಮ್ಮೆ ಕೈಯಿಟ್ಟು ಇಳಿದು ಹೋದ.

ಮಹೇಶ್ವರಿ ಬಗ್ಗಿ ಕಾರ್ಪೆಟ್ಟಿನ ಒಂದು ಎಳೆಯನ್ನು ಉಜ್ಜಿ ಬೆರಳನ್ನು ಬೆಳಕಿಗೆ ಹಿಡಿದರು. "ಅರಿಷಿಣ ಬಿಸಿಲಿಗೆ ನಿಲ್ಲಂಗಿಲ್ಲ. ನಮ್ಮಪ್ಪ ಅದಕ್ಕ ಬಣ್ಣ ಅಂತ ಸೈತ ಅಂತಿದ್ದಿಲ್ಲ. ಬರೇ ನೀರಾಗ ಸೋಪ ತಗದು ಮಾಳಗಿ ಮ್ಯಾಲ ಒಣ ಹಾಕು. ಕೆಂಪ ಹೋಗಿ ಹಳದಿ ಆಗ್ತೈತಿ, ಹಳದಿ ಹೋಗೂ ತನಕ ಹೊರಳಸು. ಪಾರಿವಾಳ ಹೇತ್ರ ನಿನ್ನ ಕೂಡ ಮಾತಾಡ್ತೇನಿ."

ಹೀಗೆ ವೀರನಿಗೆ ಮಾಳಿಗೆಯ ವನವಾಸವಾಯಿತು. ಇಳಕಲ್ಲಿನ ಬಿಸಿಲಿಗೆ ಮುನ್ನುಡಿ ಬೇಡ. ಹುಲ್ಲಪ್ಪ ನೀರಿನ ಟಾಕಿಯ ಸಣ್ಣ ನೆರಳಿನಲ್ಲಿ, ತಲೆಗೆ ಒದ್ದೆ ಟವೆಲ್ಲು ಸುತ್ತಿಕೊಂಡು, ಕೈಯಲ್ಲೊಂದು ಬಿದಿರು ಕೋಲು ಹಿಡಿದು ಕುಳಿತ. ಅಜ್ಜ ಕುರಿ ಕಾಯ್ದಂತೆ ಮೊಮ್ಮಗ ಕಾರ್ಪೆಟ್ ಕಾಯ್ದ. ನೆರಳು ಸರಿದಂತೆ ತಾನೂ ಸರಿದ. ಕುರಿಯಾದರೆ ಆಗಾಗ ಬ್ಯಾ ಎನ್ನುತ್ತಿತ್ತು.

ಸಂಜೆಯಾದರೆ ಶಟರಿನ ಮುಂದೆ ಕುರ್ಚಿ. ಸ್ಕೂಟಿಯ ಸದ್ದು ಕೇಳಿದರೆ ಕಾಲು ತಾನಾಗಿ ಒಲೆಯ ಕಡೆ ತಿರುಗುವುದು, ಸದ್ದು ಮುಂದೆ ಹೋಗುವುದು. ಅಶ್ಫಾಕ ಮಾತಿಗೆ ತಪ್ಪಲಿಲ್ಲ. ಬರುತ್ತಿರಲಿಲ್ಲ ಎಂದಿದ್ದ, ಬರಲಿಲ್ಲ. ಹುಲ್ಲಪ್ಪ ಪಾಲಿಸಿಯ ಕಾಗದವನ್ನು ಬೀರಪ್ಪನ ಫೋಟೋದ ಹಿಂದೆ ಸಿಕ್ಕಿಸಿದ. ಈಗ ಬೆಂಕಿ, ಸಿಡಿಲು, ಕಳ್ಳರು ಯಾರು ಬೇಕಾದರೂ ಬರಬಹುದಿತ್ತು, ಎಲ್ಲರಿಗೂ ಏರ್ಪಾಡಾಗಿತ್ತು.

ಒಂದು ಮಧ್ಯಾಹ್ನ ಮಾಳಿಗೆಯಿಂದ ಕೆಳಗೆ ನೋಡಿದರೆ ಎದುರಿನ ಬಳೆ ಅಂಗಡಿಯ ಮುಂದೆ ಆ ಸ್ಕೂಟಿ ನಿಂತಿತ್ತು. ಅಶ್ಫಾಕ ಬಳೆಯವನ ಎದುರು ಸ್ಟೂಲಿನ ಮೇಲೆ ಕುಳಿತಿದ್ದ. ಮಾತು ಕೇಳುತ್ತಿರಲಿಲ್ಲ, ಕೈಗಳು ಕಾಣುತ್ತಿದ್ದವು. ಎರಡೂ ಅಂಗೈ ಮೇಲೆದ್ದು ಬೆರಳು ಅಲುಗಿದವು: ಬೆಂಕಿ. ಒಂದು ಅಂಗೈ ಅಡ್ಡಲಾಗಿ ಏರುತ್ತ ಹೋಯಿತು: ಪ್ರವಾಹ. ಮುಷ್ಟಿ ತಿರುಚಿತು: ಶಟರ್ ಮುರಿಯುವ ಕಳ್ಳ. ಆಮೇಲೆ ಅಶ್ಫಾಕ ಸೊಂಟ ಹಿಡಿದುಕೊಂಡು ಒಂದು ಕಡೆ ವಾಲಿದ. ಬಳೆ ಅಂಗಡಿಗೂ ಆ ಅಜ್ಜಿ ಬಂದು ಬಿದ್ದಿದ್ದಳು.

"ಏಳಾಕ ಬರ್ತೈತೇನಬೇ?" ಎಂದು ಹುಲ್ಲಪ್ಪ ಮೇಲಿನಿಂದ ಮೆಲ್ಲಗೆ ಕೇಳಿ, ತನ್ನಷ್ಟಕ್ಕೇ ನಕ್ಕ. ನಗು ಮುಗಿದ ಮೇಲೆ ಮಾಳಿಗೆ ಮೊದಲಿಗಿಂತ ದೊಡ್ಡದಾಗಿ ಕಂಡಿತು. ಪಾರಿವಾಳವೊಂದು ಇಳಿಯಿತು, ಅವನು ಕೋಲೆತ್ತುವುದನ್ನು ಮರೆತ. ಅಲ್ಲಿ ಕುಳಿತು ಅವನಿಗೆ ಹೊಳೆದದ್ದಿಷ್ಟು: ಬೇಸಿಗೆಯ ಅಷ್ಟೂ ಸಂಜೆ ಮಾತಾದದ್ದು ಹುಲ್ಲಪ್ಪನ ವಿಪತ್ತುಗಳದೇ. ಅಶ್ಫಾಕನಿಗೆ ಮಕ್ಕಳೆಷ್ಟು, ಮನೆ ಎಲ್ಲಿ, ಅವನಿಗೆ ಏನಾದೀತೆಂದು ಹೆದರುವವರು ಯಾರು, ಒಂದನ್ನೂ ತಾನು ಕೇಳಿರಲಿಲ್ಲ.

ಕೆಂಪು ಹಳದಿಯಾಯಿತು, ಹಳದಿ ತೆಳುವಾಯಿತು. ಮಹೇಶ್ವರಿ ದಿನಕ್ಕೊಮ್ಮೆ ಕೊಡೆ ಹಿಡಿದು ಮೇಲೆ ಬರುತ್ತಿದ್ದರು, ಒಂದು ಲೋಟ ಮಜ್ಜಿಗೆ ಕಟ್ಟೆಯ ಮೇಲಿಡುತ್ತಿದ್ದರು, "ಇನ್ನ ಐತಿ," ಎಂದು ಇಳಿಯುತ್ತಿದ್ದರು. ಆ ಎರಡು ಮಾತಿಗಾಗಿ ಹುಲ್ಲಪ್ಪ ಬೆಳಗಿನಿಂದ ಕಾಯುತ್ತಿದ್ದನೆಂಬುದು ಕಾರ್ಪೆಟ್ಟಿಗೂ ಗೊತ್ತಿತ್ತು. ಕೊನೆಗೊಂದು ದಿನ ಅವನು ಬಗ್ಗಿ, ಮೂಗು ತಾಗಿಸಿ, ಅಂಚಿನಿಂದ ಅಂಚಿಗೆ ಹುಡುಕಿದ. ಒಂದು ಎಳೆಯಲ್ಲೂ ಹಳದಿ ಇರಲಿಲ್ಲ. ಮೆಟ್ಟಿಲ ಮೇಲೆ ಮಹೇಶ್ವರಿಯವರ ಹೆಜ್ಜೆ ಕೇಳಿಸಿತು. ಇನ್ನೂ ಸ್ವಲ್ಪ ಐತ್ರಿ ಎಂದರೆ ನಾಳೆ ಮತ್ತೆ ಮಜ್ಜಿಗೆ, ನಾಳಿದ್ದು ಮತ್ತೆ. ನಾಲಿಗೆಯ ತುದಿಗೆ ಬಂದ ಆ ಮಾತನ್ನು ಹುಲ್ಲಪ್ಪ ಒಂದು ಗಳಿಗೆ ಅಲ್ಲೇ ಹಿಡಿದಿಟ್ಟುಕೊಂಡ.

"ಹೋಗೇತ್ರಿ ಅಕ್ಕಾರ," ಎಂದ. "ಪೂರಾ ಹೋಗೇತಿ."

ಅವರು ಕನ್ನಡಕ ಏರಿಸಿ ನೋಡಿದರು. "ಹೌದು. ಹೋಗೇತಿ. ಕೆಳಗ ಹಾಸು." ಇಳಿಯುತ್ತ ಅರ್ಧಕ್ಕೆ ನಿಂತು, "ದೀಪಾವಳಿಗಿ ಮತ್ತ ತೊಳೀಬೇಕಾಗ್ತೈತಿ. ಬಾ. ಭಂಡಾರ ಮನ್ಯಾಗ ಇಟ್ಟ ಬಾ," ಎಂದರು.

ಆ ಸಂಜೆ ಅವನು ಶಟರಿನ ಮುಂದೆ ಕುರ್ಚಿ ಹಾಕಲಿಲ್ಲ. ಮುಖ ತೊಳೆದು, ಬೇರೆ ಅಂಗಿ ತೊಟ್ಟು, ಪೇಟೆಯ ಕಡೆ ನಡೆದ. ಇದು ಅವನ ಜೀವನದ ಅತ್ಯಂತ ಕಠಿಣ ದಂಡಯಾತ್ರೆಯಾಗಿತ್ತು, ಕೈಯಲ್ಲಿ ಆಯುಧವಿರಲಿಲ್ಲ. ಇಷ್ಟು ವರ್ಷ ಅವನು ತಟ್ಟಿದ ಬಾಗಿಲುಗಳಿಗೆ ಲೆಕ್ಕವಿಲ್ಲ. ಆದರೆ ಪ್ರತಿ ಸಲ ಕೈಯಲ್ಲಿ ಪೊರಕೆಯೋ ಬಕೆಟ್ಟೋ ಮಡಚಿದ ಹಾಸಿಗೆ ಬಟ್ಟೆಯೋ ಇತ್ತು. ಪಾನ್ ಅಂಗಡಿಯಲ್ಲಿ ಇನ್ಶೂರೆನ್ಸ್ ಅಶ್ಫಾಕನ ಮನೆ ಕೇಳಿದ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿ, ಹಸಿರು ಬಾಗಿಲು. ಓಣಿಯ ತುದಿಯವರೆಗೆ ಹೋಗಿ, ಬಾಗಿಲು ದಾಟಿ ಮುಂದೆ ನಡೆದು, ಗೋಡೆ ಅಡ್ಡ ಬಂದದ್ದರಿಂದ ಬೇರೆ ದಾರಿಯಿಲ್ಲದೆ ಹಿಂದಿರುಗಿದ. ತಟ್ಟಿದ.

ಬಾಗಿಲು ತೆರೆದವನು ಅಶ್ಫಾಕನೇ. ಬನಿಯನ್ನು, ಲುಂಗಿ, ಕೈಯಲ್ಲಿ ಬೆಳ್ಳುಳ್ಳಿಯ ಬುಟ್ಟಿ.

"ಏನಾತು? ಎಲ್ಲಿ?" ಆಗಲೇ ಒಂದು ಕಾಲು ಚಪ್ಪಲಿಗಾಗಿ ತಡಕಾಡುತ್ತಿತ್ತು.

"ಏನೂ ಆಗಿಲ್ಲ."

"ಬೆಂಕಿ?"

"ಇಲ್ಲ."

"ಯಾರರ ಬಿದ್ರೇನು?"

"ಯಾರೂ ಬಿದ್ದಿಲ್ಲೋ."

"ಮತ್ತ ಯಾಕ ಬಂದಿ?"

ಇದಕ್ಕೆ ಹುಲ್ಲಪ್ಪ ದಾರಿಯುದ್ದಕ್ಕೂ ಉತ್ತರ ಜೋಡಿಸಿಕೊಂಡಿದ್ದ. ರಿನ್ಯೂವಲ್ ಯಾವಾಗ, ಪಾಲಿಸಿಯಲ್ಲಿ ಇಲಿಗಳ ವಿಷಯ ಏನು ಬರೆದಿದೆ. ಎಲ್ಲ ಆ ಹಸಿರು ಬಾಗಿಲಿನ ಎದುರು ಆವಿಯಾದವು.

"ಸುಮ್ಮನ," ಎಂದ.

ಅಶ್ಫಾಕ ಯೋಚಿಸಿದ. ಅವನ ವೃತ್ತಿಯಲ್ಲಿ ಈ ವಿಪತ್ತಿಗೆ ಹೆಸರಿರಲಿಲ್ಲ. ಒಳಗಿನಿಂದ ಅವನ ಹೆಂಡತಿ ನರ್ಗೀಸ ಯಾರು ಬಂದದ್ದೆಂದು ಕೂಗಿ ಕೇಳಿದಳು.

"ಕಾರ್ಪೆಟ್ ಹುಲ್ಲಪ್ಪಣ್ಣ."

"ಏನಂತ?"

"ಏನಿಲ್ಲಂತ."

ಆಮೇಲೆ ಅಶ್ಫಾಕ ಬಾಗಿಲಿನಿಂದ ಸರಿದು ನಿಂತ. ಹುಲ್ಲಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದು, ಎಲ್ಲಿ ಕೂರಬೇಕೆಂದು ತಿಳಿಯದೆ, ಗೋಡೆಗೆ ಒರಗಿಸಿದ್ದ ಚಾಪೆಯನ್ನು ನೋಡಿದ. ಅಶ್ಫಾಕ ಅದನ್ನು ಕಾಲಿನಿಂದಲೇ ಬಿಚ್ಚಿ ಹಾಸಿ, ಕುಳಿತು, ಬೆಳ್ಳುಳ್ಳಿಯ ಬುಟ್ಟಿಯನ್ನು ಇಬ್ಬರ ನಡುವೆ ಇಟ್ಟ.

"ಸುಮ್ಮನ ಬಂದಿ ಅಂದ್ರ ಸುಮ್ಮನ ಕುಂಡ್ರಬ್ಯಾಡ. ಸುಲಿ."

ಹುಲ್ಲಪ್ಪ ಸುಲಿದ. ಮಾತಾಡಲು ವಿಪತ್ತುಗಳೇ ಇರಲಿಲ್ಲ. ಬೆಳ್ಳುಳ್ಳಿಯ ಸಿಪ್ಪೆ ಹಾರಿ ನೆಲದ ತುಂಬ ಹರಡಿತು. ಹುಲ್ಲಪ್ಪ ಬಗ್ಗಿ, ಅಂಗೈಯಿಂದ ಅದನ್ನು ಒಂದು ಕಡೆ ಗೋರತೊಡಗಿದ.

"ಬಿಡು," ಎಂದ ಅಶ್ಫಾಕ. "ಆಮ್ಯಾಲ ಗುಡಸಿದ್ರಾತು."

ಹುಲ್ಲಪ್ಪ ಕೈ ಹಿಂದೆ ತೆಗೆದುಕೊಂಡ. ಸಿಪ್ಪೆಯನ್ನು ಬಿದ್ದಲ್ಲೇ ಬಿಟ್ಟು, ಬುಟ್ಟಿಯಿಂದ ಇನ್ನೊಂದು ಗಡ್ಡೆ ಎತ್ತಿಕೊಂಡು, "ನಿನಗ ಮಕ್ಕಳೆಷ್ಟೋ ಅಶ್ಫಾಕ?" ಎಂದು ಕೇಳಿದ.